ಮೊಳೆಬಾಯಿ ಮೇಸ್ತ್ರಿಯ ಬಿಳಿ ಮಚ್ಚೆ

ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಬಿಚ್ಚಿ ಹೊಸದು ಹೊದಿಸಿಕೊಡುವ ಒಂದು ವರ್ಕ್‌ಶಾಪಿನಲ್ಲಿ ಅವನು ಕೆಲಸ ಮಾಡುತ್ತಿದ್ದ. ಎದುರಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಮೊಳೆಬಾಯಿ. ಬೆನ್ನ ಹಿಂದಿನ ಹೆಸರು ಅವನಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಪೈಕಿಯವನಲ್ಲ ಅವನು.

ಸೋಫಾಕ್ಕೆ ಬಟ್ಟೆ ಹೊಡೆಯುವುದು ಎರಡು ಕೈಯಲ್ಲಿ ಮುಗಿಯುವ ಕೆಲಸವಲ್ಲ. ಎಡಗೈ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ. ಮೊಳೆ ಕೊಡುವವರು ಯಾರು? ಅದಕ್ಕೇ ಬಾಯಿ. ಬೆಳಿಗ್ಗೆ ಎಂಟೂವರೆಗೆ ಬಂದವನೇ ಒಂದು ಹಿಡಿ ಸಣ್ಣ ಮೊಳೆ ಎಡಗೆನ್ನೆಗೆ ಸೇರಿಸುತ್ತಿದ್ದ. ಒಳಗೆ ನಾಲಿಗೆ ಒಂದೊಂದೇ ಮೊಳೆಯನ್ನು ಆರಿಸಿ, ತಲೆ ಮುಂದಾಗುವಂತೆ ತಿರುಗಿಸಿ, ತುಟಿಗೆ ತಂದು ನಿಲ್ಲಿಸುತ್ತಿತ್ತು. ಸುತ್ತಿಗೆಯ ಮುಖಕ್ಕೆ ಅಯಸ್ಕಾಂತ. ಅದು ತುಟಿಯಿಂದ ಮೊಳೆಯನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಕೂರಿಸಿ ಬರುವಷ್ಟರಲ್ಲಿ ನಾಲಿಗೆ ಮುಂದಿನದನ್ನು ತಯಾರು ಮಾಡಿರುತ್ತಿತ್ತು. ಬೇರೆ ಕಡೆಯವರೆಲ್ಲ ಗಾಳಿಯ ಗನ್ ತಂದು ಟಪಟಪನೆ ಪಿನ್ನು ಹೊಡೆಯುತ್ತಿದ್ದರು. ಮೇಸ್ತ್ರಿಗೆ ಅದು ಹಿಡಿಸದು. ಪಿನ್ನು ಹೊಡೆದ ಸೋಫಾದ ಮೇಲೆ ಕೂತವರು ಎರಡೇ ವರ್ಷಕ್ಕೆ ನೆಲಕ್ಕೆ ಕೂರುತ್ತಾರೆ ಎಂದು ಅವನ ಲೆಕ್ಕ. ಮೂವತ್ತು ವರ್ಷದಿಂದ ಅವನಿಗೆ ಮೂರು ಕೈ, ಮೂರನೆಯದು ಬಾಯಿ.

ಕೈಯಾಗಿ ಹೋದ ಬಾಯಿ ಮಾತಾಡುವುದು ಹೇಗೆ? ಯಾರು ಏನು ಕೇಳಿದರೂ ಹೂಂ, ಬೇಡವಾದರೆ ಉಹೂಂ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೇಸ್ತ್ರಿ ಮಾತೇ ಬಲ್ಲವನಲ್ಲ, ಆದರೂ ಯಾರ ಜೊತೆಗೂ ಜಗಳ ಮಾಡಿದವನಲ್ಲ. ಗಾದೆಗಳು ಎಲ್ಲರಿಗೂ ಹೊಂದುವುದಿಲ್ಲ.

ಆ ವರ್ಕ್‌ಶಾಪಿನ ಕಿಟಕಿ ಪಕ್ಕದಲ್ಲಿ ಹೊಲಿಗೆ ಯಂತ್ರವಿತ್ತು, ಯಂತ್ರದ ಮುಂದೆ ಹೊಲಿಗೆಯಾಕೆ. ಸೋಫಾದ ಕವರು, ದಿಂಬಿನ ಚೀಲ, ಅಂಚಿನ ಪಟ್ಟಿ ಎಲ್ಲ ಅವಳದೇ. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದ್ದಳು, ಆಗ ಮಗಳಿಗೆ ಹತ್ತು ವರ್ಷ. ಈಗ ಮಗಳ ಮದುವೆಯೂ ಆಗಿ, ಐದು ಗಂಟೆ ಬಸ್ಸಿನ ದಾರಿಯ ಇನ್ನೊಂದು ಊರಿನಲ್ಲಿದ್ದಾಳೆ. ಹದಿನಾಲ್ಕು ವರ್ಷ ಈ ಹೆಂಗಸು ಯಂತ್ರ ತುಳಿಯುತ್ತ ಮಾತಾಡಿದ್ದಾಳೆ, ಮೇಸ್ತ್ರಿ ಮೊಳೆ ಹೊಡೆಯುತ್ತ ಕೇಳಿದ್ದಾನೆ. ಮನೆ ಮಾಲೀಕನ ಜಿಪುಣತನ, ಮಗಳ ಗಣಿತ, ಅಳಿಯನ ಗೊರಕೆ, ಬಸ್ಸಿನಲ್ಲಿ ಕಂಡ ಜಗಳ ಎಲ್ಲವನ್ನೂ ಅವಳು ಸೋಫಾಗಳ ಮೇಲಿಂದ ಅವನ ಕಡೆಗೆ ಎಸೆಯುತ್ತಿದ್ದಳು.

"ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲಕ್ಕ," ಎಂದು ವರ್ಕ್‌ಶಾಪಿನ ಯಜಮಾನರು ಒಮ್ಮೆ ಛೇಡಿಸಿದ್ದರು.

"ಕೋಣ ಅಲ್ಲ ಸಾರ್. ಕೇಳಿಸ್ಕೋತಾರೆ," ಎಂದಿದ್ದಳು ಅವಳು. "ಅವ್ರ ಹೂಂನಲ್ಲೇ ಏಳೆಂಟು ಥರ ಇದೆ. ಈಗ ಹೇಳಿದ್ದು 'ನಿನ್ನ ಮಾತು ನಿಜ, ಆದ್ರೆ ನಾನು ಒಪ್ಪಲ್ಲ' ಅನ್ನೋ ಹೂಂ."

ಅದು ನಿಜಕ್ಕೂ ಅದೇ ಹೂಂ ಆಗಿತ್ತು. ಮೇಸ್ತ್ರಿಗೆ ಅಂದು ಇಡೀ ದಿನ ಮೈ ಬೆಚ್ಚಗಿತ್ತು.

ಇನ್ನೊಂದು ಸಂಗತಿ ಹೇಳಬೇಕು. ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಬಡಗಿ, ಸ್ಪಂಜು ಕತ್ತರಿಸುವವನು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರು ಕೂಡ. ಮೇಸ್ತ್ರಿ ಮಾತ್ರ ಒಂದು ದಿನವೂ ಹಾಗೆ ಕರೆದಿರಲಿಲ್ಲ. ಅವಳ ಗಮನ ಬೇಕಾದರೆ ಸುತ್ತಿಗೆಯಿಂದ ಸೋಫಾದ ಚೌಕಟ್ಟಿಗೆ ಎರಡು ಸಲ ತಟ್ಟುತ್ತಿದ್ದ. ಟಕ್ ಟಕ್. ಅವಳು ತಿರುಗಿ ನೋಡುತ್ತಿದ್ದಳು. ಬಾಯಲ್ಲಿ ಮೊಳೆ ಇದೆ, ಪಾಪ, ಎಂದು ಉಳಿದವರು ತಿಳಿದಿದ್ದರು. ಮೊಳೆ ಇಲ್ಲದ ಊಟದ ಹೊತ್ತಿನಲ್ಲೂ ಅವನು ಚಮಚದಿಂದ ಡಬ್ಬಿಗೆ ಎರಡು ಸಲ ತಟ್ಟುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಒಮ್ಮೆ ಅಕ್ಕ ಎಂದುಬಿಟ್ಟರೆ ಆ ಬಾಗಿಲು ಮುಚ್ಚಿದಂತೆ ಎಂಬುದು ಅವನಿಗೆ ಗೊತ್ತಿತ್ತು. ಹೆಸರು ಹಿಡಿದು ಕರೆಯುವ ಧೈರ್ಯವೂ ಇರಲಿಲ್ಲ. ಅವಳ ಹೆಸರು ಅವನಿಗೆ ಪರಿಚಯವಾದದ್ದು ಹಾಜರಿ ಪುಸ್ತಕದಲ್ಲಿ. ದಿನವೂ ಬೆಳಿಗ್ಗೆ ಅವಳ ಸಹಿಯ ಕೆಳಗೆ ತನ್ನ ಸಹಿ ಹಾಕುವಾಗ ಒಂದು ಸಲ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ. ಅಷ್ಟೇ ಅವನ ಸಂಸಾರ. ತಂಗಿಯರ ಮದುವೆ, ಅಮ್ಮನ ಆರೈಕೆ ಅಂತ ವಯಸ್ಸು ಐವತ್ತೆರಡಾಗಿತ್ತು. ಹೇಳಬೇಕು ಎಂದು ದಿನವೂ ಅಂದುಕೊಳ್ಳುವುದು, ದಿನವೂ ಬಾಯಿಗೆ ಮೊಳೆ ಹಾಕಿಕೊಳ್ಳುವುದು. ಹೇಡಿತನಕ್ಕೆ ಇದಕ್ಕಿಂತ ಒಳ್ಳೆಯ ನೆಪ ಯಾರಿಗೂ ಸಿಕ್ಕಿರಲಾರದು.

ಹೀಗಿರುವಾಗ ಒಂದು ದಿನ ಅವನ ಮುಂದಿನ ಹಲ್ಲಿನ ಚೂರು ಹಾರಿಹೋಯಿತು. ಜೆರಾಕ್ಸ್ ಅಂಗಡಿಯ ಮೇಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಹೋದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹಲ್ಲು ನೋಡುತ್ತಿದ್ದವಳು ದೀಪವನ್ನು ಎಡಕ್ಕೆ ತಿರುಗಿಸಿ, ಕೆನ್ನೆಯನ್ನು ಬೆರಳಿನಿಂದ ಎಳೆದು, ಸುಮ್ಮನಾದಳು. ಡಾಕ್ಟರು ಸುಮ್ಮನಾದರೆ ರೋಗಿಯ ಜೀವ ಬಾಯಿಗೆ ಬರುತ್ತದೆ. ಹತ್ತಿಬಟ್ಟೆಯ ಚೂರಿನಿಂದ ಒಳಗೆ ಒರೆಸಿದಳು, ಮತ್ತೆ ಒರೆಸಿದಳು.

"ಕೆನ್ನೆ ಒಳಗೆ ಬಿಳಿ ಮಚ್ಚೆ ಇದೆ. ಒರೆಸಿದ್ರೆ ಹೋಗ್ತಿಲ್ಲ. ನೋವಿದ್ಯಾ?"

"ಇಲ್ಲ."

"ಎಷ್ಟು ದಿನದಿಂದ ಇದೆ?"

"ಇದೆ ಅಂತ ಗೊತ್ತಾಗಿದ್ದೇ ಈಗ."

"ಬೀಡಿ, ಸಿಗರೇಟು? ತಂಬಾಕು ಜಗಿಯೋದು? ಕುಡಿತ?"

"ಯಾವುದೂ ಇಲ್ಲ ಡಾಕ್ಟ್ರೇ."

"ಬಾಯಲ್ಲಿ ಏನಾದ್ರೂ ಇಟ್ಕೊಳ್ಳೋ ಅಭ್ಯಾಸ? ಸರಿಯಾಗಿ ಯೋಚನೆ ಮಾಡಿ ಹೇಳಿ."

ಮೇಸ್ತ್ರಿ ಸರಿಯಾಗಿಯೇ ಯೋಚನೆ ಮಾಡಿದ. ಟೀ ಬಿಟ್ಟರೆ ಬೇರೆ ಅಭ್ಯಾಸವಿಲ್ಲ, ಟೀಯನ್ನು ಯಾರೂ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. "ಇಲ್ಲ," ಎಂದ. ಅವನು ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ನಂಬಿ. ಅಭ್ಯಾಸ ಎಂದರೆ ಅವನ ಪ್ರಕಾರ ಚಟ. ಮೊಳೆ ಚಟವಲ್ಲ, ಕೆಲಸ. ಕೈಯಲ್ಲಿ ಏನು ಹಿಡಿಯುತ್ತೀರಿ ಎಂದು ಕೇಳಿದ್ದರೆ ಮೊಳೆ ಎಂದು ಹೇಳಿರುತ್ತಿದ್ದನೋ ಏನೋ.

ಡಾಕ್ಟರಮ್ಮ ಚೀಟಿಯ ಮೇಲೆ ಉದ್ದನೆಯ ಹೆಸರೊಂದನ್ನು ಬರೆದಳು. ಲ್ಯೂಕೋಪ್ಲೇಕಿಯಾ, ಮುಂದೆ ಒಂದು ಪ್ರಶ್ನೆಯ ಗುರುತು.

"ಹಾಗಂದ್ರೆ ಏನು ಡಾಕ್ಟ್ರೇ?"

"ಬಿಳಿ ಮಚ್ಚೆ ಅಂತ."

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಮೇಸ್ತ್ರಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಇದು ಕಾಯಿಲೆ ಹೆಸರಲ್ಲ," ಎಂದು ಅವಳು ನಿಧಾನವಾಗಿ ಹೇಳಿದಳು. "ಕಾರಣ ಗೊತ್ತಾಗದ ಬಿಳಿ ಮಚ್ಚೆಗೆ ಹಾಗೆ ಕರೀತೀವಿ. ಹೆಚ್ಚಿನವು ಏನೂ ಮಾಡಲ್ಲ, ಹಾಗೇ ಇರ್ತವೆ. ಕೆಲವು ಮಾತ್ರ ವರ್ಷಗಳು ಹೋದ ಹಾಗೆ ಕ್ಯಾನ್ಸರ್ ಕಡೆ ತಿರುಗಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ದೊಡ್ಡಾಸ್ಪತ್ರೇಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಈಗಲೇ ಹೆದರ್ಕೋಬೇಡಿ."

ಇಷ್ಟು ಮಾತಿನಲ್ಲಿ ಮೇಸ್ತ್ರಿಯ ಕಿವಿಯಲ್ಲಿ ಉಳಿದದ್ದು ಒಂದೇ ಶಬ್ದ. ಮೆಟ್ಟಿಲಿಳಿಯುವಾಗ ಅವನು ತನ್ನ ಜೀವದ ಬಗ್ಗೆ ಯೋಚಿಸಲಿಲ್ಲ ಎಂದರೆ ನಂಬುವುದು ಕಷ್ಟ. ಆದರೂ ಅವನ ತಲೆಯಲ್ಲಿದ್ದದ್ದು ನಾಲಿಗೆ. ಅವನು ಮೊದಲಿದ್ದ ವಠಾರದಲ್ಲಿ ಒಬ್ಬ ಬಣ್ಣ ಬಳಿಯುವವನಿದ್ದ. ಬಾಯಿಯ ಆಪರೇಷನ್ ಆದಮೇಲೆ ಸ್ಲೇಟು ಹಿಡಿದು ಓಡಾಡುತ್ತಿದ್ದ, ಹಾಲು ಬೇಕಿದ್ದರೂ ಬರೆದು ತೋರಿಸುತ್ತಿದ್ದ. ಹದಿನಾಲ್ಕು ವರ್ಷ ನಾಲಿಗೆ ಇತ್ತು, ಆಗ ಹೇಳಲಿಲ್ಲ. ಇನ್ನು ಸ್ಲೇಟಿನ ಮೇಲೆ ಬರೆದು ತೋರಿಸುವುದೇ? ನಾಳೆಯೇ ಹೇಳಿಬಿಡುತ್ತೇನೆ ಎಂದು ರಸ್ತೆಯಲ್ಲೇ ನಿಶ್ಚಯ ಮಾಡಿದ.

ಮರುದಿನ ಅವನು ಬಾಯಿ ತೆರೆಯುವ ಮೊದಲೇ ಅವಳು ತೆರೆದಳು.

"ಮೇಸ್ತ್ರಿ, ಮಗಳಿಗೆ ಹೆರಿಗೆ ಹತ್ರ ಬಂತು. ಈ ತಿಂಗಳ ಕೊನೆಗೆ ಹೊರಡ್ತೀನಿ. ಅಮ್ಮ, ಇನ್ನು ಇಲ್ಲೇ ಇದ್ದುಬಿಡು ಅಂತಾಳೆ. ಯಜಮಾನರಿಗೂ ಹೇಳಿಯಾಯ್ತು." ಯಂತ್ರ ನಿಲ್ಲಿಸಿ ಅವನ ಕಡೆ ನೋಡಿದಳು. "ಏನಂತೀರಿ?"

ಗಾಯದ ಮೇಲೆ ಬರೆ ಎಂದರೆ ಇದೇ. ಮೇಸ್ತ್ರಿ ಬೇಗ ಬೇಗ ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡ. "ಹೂಂ," ಎಂದ. ನಾಲಿಗೆಯೇ ಉಳಿಯುತ್ತದೋ ಇಲ್ಲವೋ ಎನ್ನುವವನು ಒಬ್ಬ ಹೆಂಗಸನ್ನು ಇರು ಎಂದು ಕೇಳುವುದು ಯಾವ ನ್ಯಾಯ? ಒಮ್ಮೆ ಗಂಡನ ಹಾಸಿಗೆ ಪಕ್ಕ ಕೂತು ಎದ್ದವಳು ಅವಳು. ಅದು ಯಾವ ಥರದ ಹೂಂ ಎಂದು ಅವಳಿಗೆ ಆ ದಿನ ತಿಳಿಯಲಿಲ್ಲವೇನೋ, ಬಹಳ ಹೊತ್ತು ಯಂತ್ರದ ಸದ್ದು ಬರಲಿಲ್ಲ.

ಅವನು ಯಾರಿಗೂ ಹೇಳದೆ ದೊಡ್ಡಾಸ್ಪತ್ರೆಗೆ ಹೋಗಿ ಚೂರು ತೆಗೆಸಿಕೊಂಡು ಬಂದ. ಸೂಜಿ ಚುಚ್ಚಿ ಕೆನ್ನೆ ಮರಗಟ್ಟಿಸಿ, ಬೇಳೆಕಾಳಿನಷ್ಟು ಕತ್ತರಿಸಿ, ಎರಡು ಹೊಲಿಗೆ ಹಾಕಿದರು. ಹತ್ತು ದಿನ ಬಿಟ್ಟು ಬನ್ನಿ, ಅಂದರು. ಹಲ್ಲು ತೋರಿಸೋಕೆ ಹೋಗಿದ್ದೆ ಎಂದು ವರ್ಕ್‌ಶಾಪಿನಲ್ಲಿ ಹೇಳಿದ.

ಒಂದು ಎಡವಟ್ಟು ಮಾಡಿದ. ಹೊಲಿಗೆ ಹಾಕಿದ ಎಡಗೆನ್ನೆ ಮುಟ್ಟಿದರೆ ಉರಿಯುತ್ತಿತ್ತು, ಅದಕ್ಕೆ ಮೊಳೆಗಳನ್ನು ಬಲಗೆನ್ನೆಗೆ ಹಾಕಿಕೊಂಡ. ಕೆಲಸ ನಿಲ್ಲಿಸಬಹುದು ಎಂಬುದು ಅವನ ತಲೆಗೇ ಹೊಳೆಯಲಿಲ್ಲ ನೋಡಿ. ಬಲಗಡೆಯಿಂದ ನಾಲಿಗೆಗೆ ಅಭ್ಯಾಸವಿಲ್ಲ. ಮೊಳೆ ತಲೆಕೆಳಗಾಗಿ ಬರುತ್ತಿತ್ತು, ನೆಲಕ್ಕೆ ಬೀಳುತ್ತಿತ್ತು, ಸುತ್ತಿಗೆ ಖಾಲಿ ತುಟಿಗೆ ಬಂದು ನಿಲ್ಲುತ್ತಿತ್ತು. ಹೊಲಿಗೆಯಾಕೆ ಮಧ್ಯಾಹ್ನದವರೆಗೆ ನೋಡಿದಳು. ಆಮೇಲೆ ಎದ್ದು ಬಂದು ಅವನ ಮುಂದಿದ್ದ ಅರ್ಧ ಕಟ್ಟಿದ ಕುರ್ಚಿಯ ಮೇಲೆ ಕೂತಳು.

"ಹದಿನಾಲ್ಕು ವರ್ಷದಿಂದ ನಿಮ್ಮ ಎಡಗೆನ್ನೆ ಊದಿರೋದನ್ನ ನೋಡ್ತಿದ್ದೀನಿ. ಇವತ್ತು ಬಲಗಡೆ. ಏನಾಗಿದೆ?"

"ಉಹೂಂ."

"ಅದನ್ನೆಲ್ಲ ಉಗೀರಿ ಮೊದಲು."

ಅವನು ಅಂಗೈಗೆ ಉಗಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಕೊಟ್ಟ. ಅವಳು ಓದಿದಳು. ಓದಿ ಮಡಚಿ ವಾಪಸು ಕೊಡಲಿಲ್ಲ, ತನ್ನ ಚೀಲಕ್ಕೆ ಹಾಕಿಕೊಂಡಳು.

"ಸೋಮವಾರ ಅಲ್ವಾ? ನಾನೂ ಬರ್ತೀನಿ."

"ನೀವ್ಯಾಕೆ..."

"ಮೊಳೆ ಹಾಕ್ಕೊಳ್ಳಿ," ಎಂದಳು ಅವಳು, "ಆಗ ನೀವು ಕಡಿಮೆ ಮಾತಾಡ್ತೀರಿ."

ಸೋಮವಾರದವರೆಗಿನ ದಿನಗಳು ಮೇಸ್ತ್ರಿಗೆ ಬಹಳ ಉದ್ದವಾಗಿದ್ದವು. ಬೆಳಿಗ್ಗೆ ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಿಲ್ಲುತ್ತಿದ್ದ. ಕೆನ್ನೆಯ ಒಳಗೆ ಹಲ್ಲುಗಳು ಕೂಡುವ ಎತ್ತರದಲ್ಲಿ ಒಂದು ಬಿಳಿ ಪಟ್ಟಿ, ಸುಣ್ಣ ಬಳಿದು ಒಣಗಿದ ಗೋಡೆಯ ಹಾಗೆ ಒರಟು. ನಾಲಿಗೆಯ ತುದಿ ಸುಮ್ಮನಿರದೆ ಅಲ್ಲಿಗೇ ಹೋಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಜನ ಒಬ್ಬರಿಗೊಬ್ಬರು ಏನೇನೋ ಹರಟುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ಎಷ್ಟು ಸಲೀಸಾಗಿ ಮಾತಾಡುತ್ತಾರೆ. ಅಳಿಯನ ಗೊರಕೆಯ ಬಗ್ಗೆ ಅವಳು ಹೇಳಿದಾಗ ತನಗೂ ಒಂದು ಮಾತು ಹೇಳುವುದಿತ್ತು, ಒಮ್ಮೆ ಅವಳು ಜ್ವರ ಬಂದು ಬಾರದಿದ್ದ ವಾರ ಕಿಟಕಿ ಪಕ್ಕ ಖಾಲಿ ಕಂಡದ್ದನ್ನು ಹೇಳುವುದಿತ್ತು. ಎಲ್ಲಕ್ಕೂ ಹೂಂ ಎಂದು ಮೊಳೆ ಹೊಡೆದುಬಿಟ್ಟಿದ್ದ.

ಸೋಮವಾರ ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಗುಮಾಸ್ತ, ಕನ್ನಡಕದ ಮೇಲಿಂದ ನೋಡುವವನು, ಕಾರ್ಡು ಬರೆಯುತ್ತಿದ್ದ.

"ಜೊತೆಗೆ ಬಂದವರು? ನೀವು ಇವರಿಗೆ ಏನಾಗಬೇಕು?"

ಹೊಲಿಗೆಯಾಕೆ ಚೀಲದಿಂದ ಚೀಟಿ ತೆಗೆದು ಮುಂದಿಟ್ಟಳು. "ಒಂದೇ ಕಡೆ ಕೆಲಸ ಮಾಡ್ತೀವಿ."

"ಅದು ಸಂಬಂಧ ಅಲ್ಲಮ್ಮ. ಹೆಂಡ್ತಿ, ಅಕ್ಕ, ತಂಗಿ ಹಾಗೆ ಏನಾದ್ರೂ ಹೇಳಿ."

ಅವಳು ಮೇಸ್ತ್ರಿಯ ಕಡೆ ನೋಡಿದಳು. ಆ ದಿನ ಅವನ ಬಾಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಆದರೂ ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತಿದ್ದ.

"ಖಾಲಿ ಬಿಡಿ ಸಾರ್," ಎಂದಳು ಅವಳು. ಕಾರ್ಡನ್ನು ತಾನೇ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಒಳಗೆ ವಯಸ್ಸಾದ ಡಾಕ್ಟರು. ರಿಪೋರ್ಟು ಮುಂದಿಟ್ಟುಕೊಂಡು ಮೊದಲಿಂದ ಅದೇ ಪ್ರಶ್ನೆ. ಬೀಡಿ ಇಲ್ಲ, ತಂಬಾಕು ಇಲ್ಲ, ಕುಡಿತ ಇಲ್ಲ.

"ಬಾಯಲ್ಲಿ ಏನೂ ಇಟ್ಕೊಳ್ಳಲ್ಲ ತಾನೇ?"

"ಇಲ್ಲ," ಎಂದ ಮೇಸ್ತ್ರಿ.

"ಅಯ್ಯೋ ರಾಮ," ಎಂದಳು ಹೊಲಿಗೆಯಾಕೆ. "ಡಾಕ್ಟ್ರೇ, ಇವ್ರು ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದು ಹಿಡಿ ಮೊಳೆ ಬಾಯಲ್ಲಿ ಇಟ್ಕೊಂಡಿರ್ತಾರೆ. ಮೂವತ್ತು ವರ್ಷದಿಂದ."

ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತಿದರು. "ಮೊಳೆ ಅಂದ್ರೆ? ಕಬ್ಬಿಣದ ಮೊಳೆಯಾ?"

"ಸಣ್ಣವು," ಎಂದ ಮೇಸ್ತ್ರಿ, ಅದು ತನ್ನ ಪರವಾದ ಸಾಕ್ಷಿ ಎಂಬಂತೆ.

"ಯಾವ ಕಡೆ?"

"ಎಡಗಡೆ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಡಾಕ್ಟರು ನಗಲು ಶುರು ಮಾಡಿದವರು ಸುಮಾರು ಹೊತ್ತು ನಿಲ್ಲಿಸಲಿಲ್ಲ. ನಂತರ ಕನ್ನಡಕ ಒರೆಸಿಕೊಂಡು, ಮೇಸ್ತ್ರಿಯ ಬಲಗೈ ಹಿಡಿದು ಅಂಗೈಯನ್ನು ಮೇಲೆ ಮಾಡಿದರು. ಸುತ್ತಿಗೆ ಹಿಡಿದು ಹಿಡಿದು ಬೆರಳ ಬುಡದಲ್ಲಿ ಜಡ್ಡುಗಟ್ಟಿತ್ತು.

"ಇದೇನು?"

"ಜಡ್ಡು."

"ಕೆನ್ನೆ ಒಳಗೂ ಅದೇ ಆಗಿರೋ ಹಾಗಿದೆ. ಚರ್ಮ ದಪ್ಪ ಆಗಿದೆ, ಕೆಟ್ಟ ಕಣ ಏನೂ ಕಾಣ್ಲಿಲ್ಲ ಅಂತ ರಿಪೋರ್ಟಲ್ಲಿದೆ. ಯಾಕೆ ದಪ್ಪ ಆಯ್ತು ಅಂತ ನಮಗೆ ಗೊತ್ತಾಗ್ತಿರ್ಲಿಲ್ಲ. ಕಾರಣ ಗೊತ್ತಿಲ್ಲದಿದ್ರೆ ಆ ಉದ್ದದ ಹೆಸರು. ಕಾರಣ ಗೊತ್ತಾದ್ರೆ ಆ ಹೆಸರು ಬೇಕಾಗಲ್ಲ." ಅವರ ಮುಖದಲ್ಲಿ ಈಗ ನಗುವಿರಲಿಲ್ಲ. "ಆದ್ರೆ ಇವತ್ತೇ ಪೂರ್ತಿ ಬಿಡುಗಡೆ ಅಂತ ಹೇಳಲ್ಲ. ಮೊಳೆ ಇವತ್ತಿಂದ ಬಂದ್. ಎಡಗಡೆ ಬೇಡ ಅಂತ ಬಲಗಡೆ ಇಟ್ಕೊಳ್ಳೋದೂ ಬೇಡ. ಒಂದು ತಿಂಗಳು ಬಿಟ್ಟು ಬನ್ನಿ. ಮಚ್ಚೆ ಕರಗ್ತಾ ಇದ್ರೆ ಅದು ಮೊಳೆಯದ್ದೇ. ಕರಗದಿದ್ರೆ ಮತ್ತೆ ನೋಡೋಣ. ಬಾಯಿ ಖಾಲಿ ಇರ್ಲಿ."

ಹೊರಗೆ ಬಂದು ಮೇಸ್ತ್ರಿ ಔಷಧಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತ. ಹೊಲಿಗೆಯಾಕೆಯೂ ಪಕ್ಕದಲ್ಲಿ ಕೂತು ಬೇರೆ ಕಡೆ ನೋಡುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದಳು.

ಅವನಿಗೆ ಅವಳ ಕಣ್ಣು ಕಾಣಿಸಿತ್ತು. ಈಗ ಹೇಳಬೇಕು ಎಂದುಕೊಂಡ. "ಬಸ್ಸು ಬಂತು," ಎಂದ.

ಆ ವಾರ ಮೇಸ್ತ್ರಿ ಮೊಳೆಗಳನ್ನು ಬಟ್ಟಲಿನಲ್ಲಿಟ್ಟುಕೊಂಡು ಕೆಲಸ ಮಾಡಿದ. ಒಂದು ಮೊಳೆಗೆ ಒಂದು ಸಲ ಬಗ್ಗಬೇಕು, ಅಷ್ಟರಲ್ಲಿ ಎಳೆದು ಹಿಡಿದ ಬಟ್ಟೆ ಸಡಿಲ. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಯಜಮಾನರು ಗಾಳಿಯ ಗನ್ನಿನ ಸುದ್ದಿ ಎತ್ತಿದರು, ಅವನು ಮೊದಲ ಸಲ ಬೇಡ ಎನ್ನಲಿಲ್ಲ. ಬಾಯಿ ಮಾತ್ರ ಇಡೀ ದಿನ ಖಾಲಿ. ನೆಪವೇ ಇಲ್ಲದ ಬಾಯಿ. ಹೊಲಿಗೆಯಾಕೆ ಮಾತಾಡುವಾಗ ಈಗ ಉತ್ತರ ಕೊಡಬಹುದಿತ್ತು. ಆದರೆ ಅವಳೂ ಆ ವಾರ ಅಷ್ಟಾಗಿ ಮಾತಾಡಲಿಲ್ಲ, ಕಾಯುತ್ತಿದ್ದಳೋ ಏನೋ. ಅವನ ನಾಲಿಗೆ ಹಳೆಯ ಚಾಳಿಯಂತೆ ಕೆನ್ನೆಯಲ್ಲಿ ಇಲ್ಲದ ಮೊಳೆಯನ್ನು ಹುಡುಕುತ್ತಿತ್ತು.

ಶನಿವಾರ ಅವಳು ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಅದರ ಮೇಲೆ ಬಟ್ಟೆ ಹೊದಿಸಿದಳು. ಎಲ್ಲರಿಗೂ ಹೇಳಿ ಆಯಿತು. ಬಡಗಿ "ಮರೀಬೇಡಿ ಅಕ್ಕ" ಎಂದ, ಯಜಮಾನರು "ಹೋಗಿ ಬಾ ಅಕ್ಕ" ಎಂದರು. ಕೊನೆಗೆ ಮೇಸ್ತ್ರಿಯ ಹತ್ತಿರ ಬಂದು ನಿಂತಳು.

"ಇಷ್ಟು ವರ್ಷದಲ್ಲಿ ಎಲ್ಲರೂ ನನ್ನ ಅಕ್ಕ ಅಂತ ಕರೆದ್ರು. ನೀವೊಬ್ಬರೇ ಏನೂ ಕರೀಲಿಲ್ಲ. ಟಕ್ ಟಕ್ ಅಂದ್ರೆ ನಾನು. ಅದೇ ನನ್ನ ಹೆಸರಾಗಿಹೋಯ್ತು."

ಮೇಸ್ತ್ರಿ ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂತು, ತಲೆ ಮುಂದಾಗಿ ಸರಿಯಾಗಿಯೇ ಬಂತು. ಅದನ್ನು ಕಿತ್ತುಕೊಳ್ಳಲು ಸುತ್ತಿಗೆ ಇರಲಿಲ್ಲ. ಮೂವತ್ತು ವರ್ಷ ತುಟಿಯವರೆಗೆ ತಂದು ನಿಲ್ಲಿಸುವುದಷ್ಟೇ ಅಭ್ಯಾಸವಾದ ನಾಲಿಗೆ ಅಲ್ಲೇ ನಿಂತುಬಿಟ್ಟಿತು.

"ಕಾರ್ಡು..." ಎಂದ ಅವನು. "ಆಸ್ಪತ್ರೆ ಕಾರ್ಡು ನಿಮ್ಮ ಹತ್ರನೇ ಇದೆ."

"ನನ್ನ ಹತ್ರನೇ ಇರ್ಲಿ. ನೀವು ಕಳ್ಕೋತೀರಿ. ಮುಂದಿನ ತಿಂಗಳು ಇಪ್ಪತ್ತೈದನೇ ತಾರೀಕು, ಹತ್ತು ಗಂಟೆ."

"ಅಷ್ಟು ದೂರದಿಂದ? ಮಗೂನ ಬಿಟ್ಟು?"

"ಹೂಂ," ಎಂದಳು ಅವಳು. ಅವನಿಗೆ ಅದು ಯಾವ ಹೂಂ ಎಂದು ಗೊತ್ತಾಗಲಿಲ್ಲ. ಹೂಂಗಳನ್ನು ಹೇಳುವುದರಲ್ಲಿ ಅವನು ಪಂಡಿತ, ಕೇಳುವುದರಲ್ಲಿ ಅಲ್ಲ.

ಆ ಒಂದು ತಿಂಗಳು ಮೇಸ್ತ್ರಿ ಹೇಗೆ ಕಳೆದ ಎಂದು ಕೇಳಿದರೆ, ಕಿಟಕಿಯ ಪಕ್ಕ ನೋಡುತ್ತ ಕಳೆದ. ಕವರುಗಳನ್ನು ಈಗ ಹೊರಗೆ ಕೊಟ್ಟು ಹೊಲಿಸುತ್ತಿದ್ದರು, ಯಂತ್ರದ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಹಾಜರಿ ಪುಸ್ತಕದಲ್ಲಿ ಅವಳ ಸಾಲಿಗೆ ಯಜಮಾನರು ಅಡ್ಡಗೆರೆ ಎಳೆದಿದ್ದರು. ಗೆರೆಯ ಅಡಿಯಲ್ಲೂ ಹೆಸರು ಓದಬಹುದಿತ್ತು, ಅವನು ಓದುತ್ತಿದ್ದ. ಒಂದೆರಡು ಸಲ ಮರೆತು ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿದ. ಸ್ಪಂಜು ಕತ್ತರಿಸುವವನು ತಲೆಯೆತ್ತಿ ನೋಡಿ, ಏನೂ ಕೇಳದೆ ತಲೆ ತಗ್ಗಿಸಿದ. ಆ ಕರುಣೆಯನ್ನು ಮೇಸ್ತ್ರಿಗೆ ತಡೆಯಲಾಗಲಿಲ್ಲ, ಎದ್ದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಅವಳು ಬೇಕಾಗಿತ್ತು. ಅವಳ ಮಾತು ಬೇಕಾಗಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮನೆಯಲ್ಲಿ ಕನ್ನಡಿಯ ಮುಂದೆ ಬಾಯಿ ಅಗಲಿಸಿದರೆ ಪಟ್ಟಿ ತೆಳುವಾಗುತ್ತಿತ್ತು. ಎರಡನೇ ವಾರಕ್ಕೆ ಅಂಚು ಹೋಯಿತು, ಮೂರನೇ ವಾರಕ್ಕೆ ಕೆಂಪು ಕಾಣಿಸಿತು. ನಾಲಿಗೆಗೆ ಒರಟು ಸಿಗುವುದು ನಿಂತಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಜೊತೆಗೇ ಒಂದು ಹೊಸ ಭಯ. ಮಚ್ಚೆ ಪೂರ್ತಿ ಹೋಗಿಬಿಟ್ಟರೆ ಅವಳು ಬರುವುದಕ್ಕೆ ಕಾರಣವೇನು ಉಳಿಯಿತು? ಯಾವ ಮಚ್ಚೆ ತನ್ನ ನಾಲಿಗೆಯನ್ನು ತಿನ್ನುತ್ತದೆಂದು ಹೆದರಿದ್ದನೋ ಅದೇ ಮಚ್ಚೆ ಇನ್ನೆರಡು ದಿನ ಇರಲಿ ಎನ್ನಿಸಿತು. ಆಸೆ ಮನುಷ್ಯನನ್ನು ಎಂಥ ಪೆದ್ದನನ್ನಾಗಿ ಮಾಡುತ್ತದೆ.

ಅವನು ಆ ಬಾಯಿಯನ್ನು ಕೆಲಸಕ್ಕೆ ಹಚ್ಚಿದ. ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅವಳ ಹೆಸರನ್ನು ಜೋರಾಗಿ ಹೇಳಿದ. ಮೊದಲ ದಿನ ಅರ್ಧ ಹೆಸರಷ್ಟೇ ಹೊರಬಂತು. ಎರಡನೇ ದಿನ ಹಾಜರಿ ಕೂಗಿದಂತೆ ಕೇಳಿಸಿತು. ವಾರದ ಕೊನೆಗೆ ಮನುಷ್ಯರು ಮನುಷ್ಯರನ್ನು ಕರೆಯುವ ಹಾಗೆ ಬಂತು. ಆ ಹೆಸರನ್ನು ಇಲ್ಲಿ ಬರೆಯಬಹುದು, ಆದರೆ ಅಷ್ಟು ಕಷ್ಟಪಟ್ಟು ಕಲಿತವನು ಹೇಳುವ ಮೊದಲು ನಾನು ಹೇಳುವುದು ಸರಿಯಲ್ಲ.

ಇಪ್ಪತ್ತೈದನೇ ತಾರೀಕು ಅವನು ಎಂಟಕ್ಕೇ ಆಸ್ಪತ್ರೆಯಲ್ಲಿದ್ದ. ಕಾರ್ಡಿಲ್ಲದೆ ಕೌಂಟರಿಗೆ ಹೋಗುವ ಹಾಗಿಲ್ಲ. ಬೆಂಚಿನ ಮೇಲೆ ಕೂತು ಬಾಗಿಲು ನೋಡಿದ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಮಗುವನ್ನು ಬಿಟ್ಟು ಯಾರು ಬರುತ್ತಾರೆ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಹತ್ತಕ್ಕೆ ಐದು ನಿಮಿಷವಿರುವಾಗ ಗುಂಪಿನ ನಡುವೆ ಅವಳ ಚೀಲ ಕಾಣಿಸಿತು, ಆಮೇಲೆ ಅವಳು. ಐದು ಗಂಟೆ ಬಸ್ಸಿನಲ್ಲಿ ಕೂತ ಸೀರೆ ಸುಕ್ಕಾಗಿತ್ತು. ಅವನನ್ನು ನೋಡಿದವಳು ಏನೂ ಹೇಳದೆ ನೇರ ಕೌಂಟರಿಗೆ ಹೋಗಿ ಕಾರ್ಡು ಇಟ್ಟಳು.

ಅದೇ ಗುಮಾಸ್ತ, ಅದೇ ಕನ್ನಡಕ. "ಇಲ್ಲಿ ಸಂಬಂಧ ಖಾಲಿ ಇದೆಯಲ್ಲ. ಈ ಸಲ ಬಿಡೋ ಹಾಗಿಲ್ಲಮ್ಮ. ನೀವು ಇವರಿಗೆ ಏನಾಗಬೇಕು?"

ಅವಳು ಸೀರೆಯ ಮಡಿಕೆ ಸರಿಮಾಡಿಕೊಳ್ಳುತ್ತ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಮೇಸ್ತ್ರಿ ಕೌಂಟರಿನ ಮರದ ಹಲಗೆಯ ಮೇಲೆ ಕೈಯಿಟ್ಟಿದ್ದ. ಬೆರಳು ಎರಡು ಸಲ ತಟ್ಟಲು ಮೇಲೆದ್ದಿತು. ಅವನು ಅದನ್ನು ತಡೆದು ಕೈ ಕೆಳಗಿಳಿಸಿದ.

"ಇನ್ನೂ ಕೇಳಿಲ್ಲ ಸಾರ್," ಎಂದ ಗುಮಾಸ್ತನಿಗೆ. "ಹದಿನಾಲ್ಕು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಒಂದು ನಿಮಿಷ ಕೊಡಿ, ಈಗ ಕೇಳ್ತೀನಿ."

ಗುಮಾಸ್ತ ಪೆನ್ನು ಕೆಳಗಿಟ್ಟ. ಮೇಸ್ತ್ರಿ ಅವಳ ಕಡೆ ತಿರುಗಿ, ಅವಳ ಹೆಸರು ಹಿಡಿದು ಕರೆದ.

ಅವಳ ಕಣ್ಣು ತುಂಬಿತ್ತು. "ಹೂಂ," ಎಂದಳು. ಅದು ಯಾವ ಹೂಂ ಎಂದು ಈ ಸಲ ಅವನಿಗೆ ಗೊತ್ತಾಯಿತು.